ಕುಲತಿಲಕಮ್ಮನವರಿಗೆ ಮಾತು ಬಂದ ಬಗೆ

ಕೃಷ್ಣೆಗೂ ತುಂಗಭದ್ರೆಗೂ ನಡುವಿನ ಎರೆಭೂಮಿಯಲ್ಲಿ, ಕರಿಬಂಡಿಹಾಳವೆಂಬ ಊರಿನ ಹೊರಗೆ, ಎರಡು ಕೋಣೆಗಳ ಒಂದು ಮಣ್ಣಿನ ಮನೆಯಿತ್ತು. ಅಂಗಳದಲ್ಲಿ ಒಂದು ಬೇವಿನ ಮರ, ಮರಕ್ಕೆ ಕಟ್ಟಿದ ಒಂದು ಆಡು, ಗೋಡೆಗೆ ಒರಗಿಸಿದ ಒಂದು ಕಪ್ಪು ಹಲಗೆ. ಪೂಜ್ಯ ಮಾತೆ ಅಪೊಲೊನಿಯಾನವರು ತಮ್ಮ ಪಾವನ ಜೀವನದ ಇಪ್ಪತ್ತೆರಡು ಬೇಸಗೆಗಳನ್ನು ಕಳೆದದ್ದು ಈ ಮನೆಯಲ್ಲಿಯೇ. ಕಡಲಾಚೆಯ ಫ್ರಾನ್ಸ್ ದೇಶದಲ್ಲಿ ಹುಟ್ಟಿ, ಯೇಸುಸ್ವಾಮಿಯ ಸೇವೆಗೆಂದು ಸನ್ಯಾಸ ಸ್ವೀಕರಿಸಿ, ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸಲೆಂದು ಇಷ್ಟು ದೂರ ಬಂದವರು ಅವರು. ಊರವರ ಬಾಯಲ್ಲಿ ಅವರು ಹಿರೇತಾಯಿ.

ಹಿರೇತಾಯಿಯವರು ಮುಟ್ಟಿದರೆ ಜ್ವರ ಇಳಿಯುತ್ತಿತ್ತು, ಅವರು ಪ್ರಾರ್ಥಿಸಿದ ಮನೆಯಲ್ಲಿ ಜಗಳ ನಿಲ್ಲುತ್ತಿತ್ತು ಎಂದು ಹೇಳುವ ಭಕ್ತರು ಇಂದಿಗೂ ಆ ಸೀಮೆಯಲ್ಲಿದ್ದಾರೆ. ಈಗ ಹೇಳಹೊರಟಿರುವುದು ಅಂಥ ಪವಾಡವಲ್ಲ. ಇದರಲ್ಲಿ ಹೆಚ್ಚು ಪಾಲು ನಗುವೇ ಇದೆ. ಆದರೂ ಅವರ ಪಾದಸನ್ನಿಧಿಯಲ್ಲಿ ನಡೆದದ್ದರಿಂದ ಕೈಮುಗಿದೇ ಹೇಳುತ್ತೇವೆ. ಓದುವವರಿಗೆ ನಗು ಬಂದರೆ ತಡೆದುಕೊಳ್ಳಬೇಕಾಗಿಲ್ಲ.

ಆ ವರ್ಷದ ಯುಗಾದಿ ಕಳೆದ ವಾರ ಊರಿಗೆ ಒಬ್ಬ ಹೊಸ ಕನ್ಯಾಸ್ತ್ರೀಯವರು ಬಂದಿಳಿದರು. ಹೆಸರು ಭಗಿನಿ ಕ್ಲೊತಿಲ್ದಾ. ವಯಸ್ಸು ಇಪ್ಪತ್ತೇಳು. ತಮ್ಮ ದೇಶದ ಮಠದ ಶಾಲೆಯಲ್ಲಿ ರೇಖಾಗಣಿತ ಕಲಿಸುತ್ತಿದ್ದವರು. ಹಿರೇತಾಯಿಯವರ ಕೀರ್ತಿಯನ್ನು ಆ ಮಠದಲ್ಲಿ ಊಟದ ಹೊತ್ತಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದರಂತೆ. ಕೇಳಿ ಕೇಳಿ ಮನಸ್ಸು ತುಂಬಿ, ಒಂದು ವರ್ಷ ಮಠದಲ್ಲೂ ಒಂದು ತಿಂಗಳು ಹಡಗಿನಲ್ಲೂ ಒಂದೇ ಪುಸ್ತಕ ಹಿಡಿದು ಭಗಿನಿಯವರು ಕನ್ನಡ ಕಲಿತರು. ಆ ಪುಸ್ತಕವನ್ನು ಬರೆದವರು ಯಾರೋ ಹಳೆಗಾಲದ ಪಂಡಿತರು. ಅದರಲ್ಲಿ ರಾಜರಿದ್ದರು, ಮಂತ್ರಿಗಳಿದ್ದರು, ಯುದ್ಧಕ್ಕೆ ಕರೆಯುವ ವಾಕ್ಯಗಳು ಬೇಕಾದಷ್ಟಿದ್ದವು. ಜೋಳ ಎಷ್ಟಕ್ಕೆ ಸೇರು ಎಂದು ಕೇಳುವ ವಾಕ್ಯ ಒಂದೂ ಇರಲಿಲ್ಲ.

ನೆತ್ತಿ ಸುಡುವ ಮಧ್ಯಾಹ್ನ, ಮೈತುಂಬ ಕಪ್ಪು ಉಣ್ಣೆಯ ನಿಲುವಂಗಿ, ಮೊಣಕಾಲಿನ ತನಕ ಕಾಲುಚೀಲ, ಲೇಸು ಬಿಗಿದ ಬೂಟು ತೊಟ್ಟ ಭಗಿನಿಯವರು ಗಾಡಿಯಿಂದ ಇಳಿದರು. ಬೇವಿನ ಮರದಡಿಯಲ್ಲಿ ಬಿಳಿ ನೂಲಿನ ಅಂಗಿ ತೊಟ್ಟು, ತಲೆಗೆ ಒದ್ದೆ ಬಟ್ಟೆ ಸುತ್ತಿಕೊಂಡು, ಬರಿಗಾಲಲ್ಲಿ ಕುಕ್ಕರಗಾಲಿನಲ್ಲಿ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದ ಒಬ್ಬ ಮುದುಕಿ ಕಣ್ಣಿಗೆ ಬಿದ್ದರು. ಬಿಸಿಲು ಕುಡಿದ ಅವರ ಮುಖ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಭಗಿನಿಯವರು ತಮ್ಮ ಛತ್ರಿಯನ್ನು ಅವರ ಕೈಗೆ ಕೊಟ್ಟು, ಕಂಠಪಾಠ ಮಾಡಿಟ್ಟ ಮೊದಲ ವಾಕ್ಯವನ್ನು ನುಡಿದರು:

"ಎಲೌ ದಾಸಿಯೇ! ಪರಮಪೂಜ್ಯರಾದ ಮಾತೆಯವರು ಎಲ್ಲಿ ವಿರಾಜಮಾನರಾಗಿರುವರು?"

ಮುದುಕಿ ಮೊರವನ್ನು ಕೆಳಗಿಟ್ಟರು. ಒಂದು ಗಳಿಗೆ ಬಾಯಿ ಬಿಗಿಹಿಡಿದು ನೆಲ ನೋಡಿದರು. "ಮೊದಲ ನೀರು ಕುಡಿಯವ್ವಾ," ಎಂದು ಮಡಕೆಯಿಂದ ನೀರು ತಂದುಕೊಟ್ಟರು. ಭಗಿನಿಯವರು ಕುಡಿದು ಮುಗಿಸಿ ಉಸಿರು ಬಿಟ್ಟ ಮೇಲೆಯೇ ಅಚ್ಚ ಫ್ರೆಂಚಿನಲ್ಲಿ, "ನಾನೇ ಅಪೊಲೊನಿಯಾ, ಮಗಳೇ. ನೀನು ಬಂದದ್ದು ಬಹಳ ಸಂತೋಷ," ಎಂದರು.

ಭಗಿನಿಯವರಿಗೆ ನಾಚಿಕೆಯಾಯಿತೋ ನಿರಾಶೆಯಾಯಿತೋ ಹೇಳುವುದು ಕಷ್ಟ. ಎರಡೂ ಆಗಿದ್ದವು, ನಿರಾಶೆ ಕೊಂಚ ಹೆಚ್ಚೇ ಆಗಿತ್ತು. ಪ್ರಭಾವಳಿ ಇರುವ ಮುಖವನ್ನು ನೋಡಬೇಕೆಂದು ಏಳು ಸಮುದ್ರ ದಾಟಿ ಬಂದವರಿಗೆ ಹಲ್ಲಿಲ್ಲದ ಬಾಯಿ ಕಂಡಿತು.

ದಿನ ಕಳೆದಂತೆ ನಿರಾಶೆ ಬೆಳೆಯಿತು. ಹಿರೇತಾಯಿಯವರು ನಸುಕಿನಲ್ಲಿ ಎದ್ದು ಪ್ರಾರ್ಥನೆ ಮುಗಿಸಿ, ಹನ್ನೊಂದು ಹೆಣ್ಣುಮಕ್ಕಳನ್ನು ಮರದಡಿ ಕೂರಿಸಿಕೊಂಡು ಮರಳಿನ ಮೇಲೆ ಅಕ್ಷರ ತೀಡಿಸುತ್ತಿದ್ದರು. ಬಿಸಿಲು ಮರದ ನೆತ್ತಿಗೆ ಏರುವಷ್ಟರಲ್ಲಿ ಶಾಲೆ ಮುಗಿಯುತ್ತಿತ್ತು. ಆಮೇಲೆ ರೋಗಿಗಳು, ಆಮೇಲೆ ಅಂಬಲಿ. ಮಧ್ಯಾಹ್ನವಾದರೆ ನೀರು ಚಿಮುಕಿಸಿದ ನೆಲದ ಮೇಲೆ ಬಾಗಿಲು ಮುಚ್ಚಿಕೊಂಡು ಮಲಗಿಬಿಡುವರು. ಹಗಲು ಮಲಗುವ ಸಂತರನ್ನು ಭಗಿನಿಯವರು ಯಾವ ಪುಣ್ಯಕಥೆಯಲ್ಲೂ ಓದಿರಲಿಲ್ಲ. ಬಿಸಿಲು ಇವರ ವ್ರತವನ್ನೇ ಕರಗಿಸಿಬಿಟ್ಟಿದೆ ಎಂದು ಮನಸ್ಸಿನಲ್ಲೇ ತೀರ್ಮಾನಿಸಿದರು.

ಕರಗಿದ್ದು ನಿಜವಾಗಿ ಭಗಿನಿಯವರು ತಂದ ಸಾಮಾನು. ತಮ್ಮ ದೇಶದಿಂದ ಹೊತ್ತು ತಂದಿದ್ದ ಬೆಣ್ಣೆಯ ಡಬ್ಬಿ ತುಪ್ಪವಾಯಿತು. ಪೀಠದ ಮೇಲಿಟ್ಟ ಉದ್ದನೆಯ ಮೇಣದ ಬತ್ತಿಗಳು, ಹಚ್ಚುವ ಮೊದಲೇ ಸೊಂಟ ಬಗ್ಗಿಸಿ ನಮಸ್ಕಾರ ಮಾಡಿದವು. ಅಡುಗೆಯ ಇನ್ನಾಸಮ್ಮ ಮೊದಲ ದಿನವೇ ರೊಟ್ಟಿಯ ಜೊತೆ ಕೆಂಪು ಚಟ್ನಿ ಬಡಿಸಿದಾಗ ಭಗಿನಿಯವರು ಎದ್ದು ನಿಂತು, ಕಣ್ಣೀರು ಸುರಿಸುತ್ತ, "ಎಲೈ ಇನ್ನಾಸಮ್ಮಾ! ಈ ವ್ಯಂಜನವು ಅಗ್ನಿಯೋಪಾದಿಯಲ್ಲಿ ನನ್ನನ್ನು ದಹಿಸುತ್ತಿರುವುದು!" ಎಂದು ಕೂಗಿದರು. ಇನ್ನಾಸಮ್ಮ ಕೈಯಲ್ಲಿದ್ದ ಸವಟು ಬಿಟ್ಟು ಬೆಕ್ಕಸಬೆರಗಾಗಿ ನಿಂತಳು. ಅದೇ ಸಂಜೆ ಬಾವಿಯ ಕಟ್ಟೆಯ ಮೇಲೆ ಆ ಮಾತು ಊರ ಹೆಂಗಸರಿಗೆಲ್ಲ ತಲುಪಿತು. ಕ್ಲೊತಿಲ್ದಾ ಎನ್ನಲು ಬಾರದೆ ಅವರು ಹೆಸರನ್ನು ತಮಗೆ ಒಗ್ಗಿಸಿಕೊಂಡರು: ಕುಲತಿಲಕಮ್ಮ.

ಒಂದು ವಾರದ ಬಳಿಕ ಭಗಿನಿಯವರು ಗೋಡೆಗೆ ಒಂದು ವೇಳಾಪಟ್ಟಿ ಅಂಟಿಸಿದರು. ಶಾಲೆ ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ, ತಮ್ಮ ದೇಶದಲ್ಲಿ ಇದ್ದ ಹಾಗೆ. "ಆ ಹೊತ್ತಿಗೆ ಇಲ್ಲಿ ಕಾಗೆಯೂ ಹಾರುವುದಿಲ್ಲ, ಮಗಳೇ," ಎಂದರು ಹಿರೇತಾಯಿಯವರು ಫ್ರೆಂಚಿನಲ್ಲೇ. "ಕ್ರಮವಿದ್ದಲ್ಲಿ ಜನ ಬರುತ್ತಾರೆ, ಮಾತೆ," ಎಂದರು ಭಗಿನಿಯವರು. "ನಸುಕಿನ ಶಾಲೆ ನನಗಿರಲಿ, ಉಳಿದ ಹೊತ್ತು ನಿನ್ನದು," ಎಂದು ಹಿರೇತಾಯಿಯವರು ಸುಮ್ಮನಾದರು.

ಜನ ಬಂದರು!

ಮೊದಲ ದಿನ ಹದಿನಾಲ್ಕು ಹುಡುಗಿಯರು. ಮರುದಿನ ಇಪ್ಪತ್ತು. ವಾರ ತುಂಬುವಷ್ಟರಲ್ಲಿ ನಲವತ್ತು ಹುಡುಗಿಯರು ಒಳಗೆ, ಅವರ ತಾಯಂದಿರು ಅತ್ತೆಯಂದಿರು ಬಾಗಿಲಲ್ಲಿ, ಕಂಕುಳಲ್ಲಿ ಕೂಸು ಹೊತ್ತವರು ಕಿಟಕಿಯಲ್ಲಿ. ಭೂಮಿ ಕಾದ ಹಂಚಿನಂತೆ ಉರಿಯುತ್ತಿದ್ದ ಹೊತ್ತಿನಲ್ಲಿ ಅಷ್ಟು ಜನ! ಭಗಿನಿಯವರು ಬೆತ್ತ ಎತ್ತಿ, "ಎಲೌ ಬಾಲಿಕೆಯರಿರಾ! ಮೌನವನ್ನು ತಾಳಿ ಆಸೀನರಾಗತಕ್ಕದ್ದು!" ಎಂದರೆ ಸಾಕು, ಇಡೀ ಕೋಣೆ ಉಸಿರು ಬಿಗಿಹಿಡಿದು ಕೂರುವುದು. ಅಷ್ಟು ಗಮನವಿಟ್ಟು ಕೇಳುವ ಮಕ್ಕಳನ್ನು ಅವರು ತಮ್ಮ ದೇಶದಲ್ಲೂ ಕಂಡಿರಲಿಲ್ಲ. ಪ್ರತಿ ಹೆಂಗಸೂ ಸೆರಗಿನಲ್ಲಿ ಮಂಡಕ್ಕಿ ಕಟ್ಟಿಕೊಂಡು ಬರುವುದು ಮಾತ್ರ ಏಕೆಂದು ತಿಳಿಯಲಿಲ್ಲ. ಪಾಠದ ನಡುವೆ ಯಾರಾದರೂ "ಭಲಾ!" ಎಂದರೆ, ಅದು ಈ ನಾಡಿನ ಮಕ್ಕಳು ಉತ್ತರ ಹೇಳುವ ರೀತಿಯೆಂದು ಭಾವಿಸಿದರು.

ಒಂದು ದಿನ ಹಗ್ಗ ಬಿಚ್ಚಿಕೊಂಡ ಆಡು ಪಾಠದ ನಡುವೆ ಒಳಗೆ ಬಂದು ವೇಳಾಪಟ್ಟಿಯ ಒಂದು ಮೂಲೆಯನ್ನು ತಿನ್ನತೊಡಗಿತು. ಭಗಿನಿಯವರು ಅದರತ್ತ ತೋರುಬೆರಳು ಚಾಚಿ, "ಎಲೈ ದುರುಳ ಅಜವೇ! ಈ ಕ್ಷಣದಲ್ಲಿಯೇ ನಿರ್ಗಮಿಸು! ಇಲ್ಲವಾದರೆ ದಂಡನೆಗೆ ಪಾತ್ರನಾಗುವೆ!" ಎಂದು ಗರ್ಜಿಸಿದರು. ಆಡು ಹೋಗಲಿಲ್ಲ. ಆದರೆ ಹೆಂಗಸರ ಕಣ್ಣಲ್ಲಿ ನೀರು ಬಂದಿತು. ಅದನ್ನು ಭಗಿನಿಯವರು ಭಕ್ತಿಯ ನೀರೆಂದೇ ತಿಳಿದರು.

ಆ ರಾತ್ರಿ ತಮ್ಮ ಮಠಕ್ಕೆ ಕಾಗದ ಬರೆದರು: ಮಾತೆ ಅಪೊಲೊನಿಯಾನವರು ಇಪ್ಪತ್ತೆರಡು ವರ್ಷಗಳಲ್ಲಿ ಕೂಡಿಸಿದ್ದು ಹನ್ನೊಂದು ಮಕ್ಕಳನ್ನು, ದೇವರ ಕೃಪೆಯಿಂದ ನಾನು ಒಂದು ವಾರದಲ್ಲಿ ನಲವತ್ತು ಮಕ್ಕಳನ್ನು ಕೂಡಿಸಿದ್ದೇನೆ, ಇಲ್ಲಿ ಇಷ್ಟು ದಿನ ಕೊರತೆಯಿದ್ದದ್ದು ಕ್ರಮದ್ದು, ಬೇರೇನೂ ಅಲ್ಲ. ಕಾಗದವನ್ನು ಅಂಚೆಗೆ ಕೊಂಡೊಯ್ದವರು ಸ್ವತಃ ಹಿರೇತಾಯಿಯವರೇ, ಎರಡು ಹರದಾರಿ ನಡೆದು.

ಹೀಗೆ ಮೂರು ತಿಂಗಳಾದವು. ಆ ವರ್ಷ ಮುಂಗಾರು ತಡವಾಗಿ ಬಿಸಿಲು ಹಾಗೆಯೇ ಇತ್ತು. ಒಂದು ಬುಧವಾರ, ಹಿರೇತಾಯಿಯವರು ಯಾವುದೋ ಬಾಣಂತಿಯನ್ನು ನೋಡಲು ಪಕ್ಕದ ಹಳ್ಳಿಗೆ ಹೋಗಿದ್ದಾಗ, ಪೇಟ ಸುತ್ತಿದ ಒಬ್ಬ ಹಿರಿಯ ಇಬ್ಬರು ಜೊತೆಗಾರರೊಡನೆ ಅಂಗಳಕ್ಕೆ ಬಂದ. ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ತೆಂಗಿನಕಾಯಿ, ಎಲೆ ಅಡಿಕೆ. ಆತ ಆ ಸೀಮೆಯ ದೊಡ್ಡಾಟದ ಮಾಸ್ತರ ಭರಮಪ್ಪ. ರಾಜರ ಕಥೆಗಳನ್ನು ಕಟ್ಟಿ, ಕಲಿಸಿ, ರಂಗದ ಮೇಲೆ ಆಡಿಸುವುದು ಅವನ ಕಸುಬು.

"ಎಲೈ ಮಾನ್ಯನೇ, ನಿನ್ನ ಆಗಮನದ ಉದ್ದೇಶವನ್ನು ಅರುಹು," ಎಂದರು ಭಗಿನಿಯವರು.

ಭರಮಪ್ಪನ ಮುಖ ಅರಳಿತು. ಜೊತೆಗಾರರತ್ತ ತಿರುಗಿ, "ಕೇಳಿದ್ರಿಲ್ಲೊ? ನಾ ಹೇಳಿದ್ದು ಸುಳ್ಳೇನು?" ಎಂದ. ಆಮೇಲೆ ತಟ್ಟೆಯನ್ನು ಅವರ ಪಾದದ ಬಳಿ ಇಟ್ಟು ಕೈಮುಗಿದ. "ಅಮ್ಮಾರ, ಸಿಟ್ಟಿಗೇಳಬ್ಯಾಡ್ರಿ. ನಮ್ಮ ಮ್ಯಾಳದಾಗ ಕೌರವನ ಪಾತ್ರ ಹಾಕೋ ಬಸಲಿಂಗ ಮಾಳಿಗಿ ಮ್ಯಾಲಿಂದ ಬಿದ್ದು ಕಾಲು ಮುರಕೊಂಡಾನ. ಹುಣ್ಣಿವಿಗೆ ಆಟ ಐತಿ. ಹೆಣ್ಮಕ್ಕಳು ದೊಡ್ಡಾಟದಾಗ ಪಾತ್ರ ಹಾಕೋ ರೂಢಿ ನಮ್ಮಲ್ಲಿ ಇಲ್ರಿ, ನಂಗೂ ಗೊತ್ತೈತಿ. ಆದ್ರ ನಿಮ್ಮ ಹೆಸರೂ ಕುಲತಿಲಕ, ಮಾತೂ ಕುರುಕುಲತಿಲಕನವು. ನೀವು ಕುಣಿಯೂದು ಬ್ಯಾಡ್ರಿ. ಕುರ್ಚಿ ಮ್ಯಾಲ ಕುಂತು ಮಾತು ಹೇಳಿದ್ರ ಸಾಕು. ಗದಾ ನಾವು ತರ್ತೀವಿ."

ಭಗಿನಿಯವರಿಗೆ ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ಇನ್ನಾಸಮ್ಮನತ್ತ ತಿರುಗಿ, "ಈ ಕೌರವನೆಂಬಾತನು ಯಾರು?" ಎಂದರು.

"ಆಟದಾಗ ಬರೋ ರಾಜಾರಿ ಅಮ್ಮಾರ. ಕಿರೀಟ ಹಾಕ್ಕೊಂಡು, ಮೀಸಿ ತಿರುವಿ, ಎಲೈ ಸಾರಥಿ ಅಂತಾನ್ರಿ. ನೀವು ಮಾತಾಡ್ತೀರಲ್ಲ, ಥೇಟ್ ಹಂಗ."

"ಜನರೆಲ್ಲರೂ ಹಾಗೆಯೇ ಅಲ್ಲವೇ ಮಾತನಾಡುವುದು?"

ಇನ್ನಾಸಮ್ಮ ಭರಮಪ್ಪನ ಮುಖ ನೋಡಿದಳು, ಭರಮಪ್ಪ ಅವಳ ಮುಖ ನೋಡಿದ. "ಹಂಗ ಯಾರೂ ಮಾತಾಡಂಗಿಲ್ರಿ," ಎಂದಳು ಮೆಲ್ಲಗೆ. "ದೇವರಾಣಿ, ಈ ಭೂಮಿ ಮ್ಯಾಲ ಯಾರೂ ಇಲ್ರಿ."

ಭಗಿನಿಯವರ ಕಣ್ಣ ಮುಂದೆ ಮೂರು ತಿಂಗಳು ಒಂದೊಂದಾಗಿ ಹಾದುಹೋದವು. ಮಂಡಕ್ಕಿ, ಕಿಟಕಿಯ ಹೆಂಗಸರು, ಭಲಾ ಎಂಬ ಉದ್ಗಾರ, ಆಡಿನ ದಿನದ ಕಣ್ಣೀರು, ಮಠಕ್ಕೆ ಬರೆದ ಕಾಗದ. ಅವರು ಒಳಕೋಣೆಗೆ ಹೋಗಿ ಅಗಳಿ ಹಾಕಿಕೊಂಡರು. ಭರಮಪ್ಪ ತಟ್ಟೆ ಎತ್ತಿಕೊಳ್ಳುತ್ತ, "ನಿರ್ಗಮನಾನೂ ಎಷ್ಟು ಗತ್ತಿಲೆ ಮಾಡಿದ್ರು ನೋಡ್ರಿ," ಎಂದು ನಿಟ್ಟುಸಿರಿಟ್ಟು ಹೋದ.

ಮರುದಿನ ಬಾಗಿಲು ತೆರೆಯಲಿಲ್ಲ. ಬಾಗಿಲ ಸಂದಿಯಿಂದ ಇನ್ನಾಸಮ್ಮನಿಗೆ ಒಂದು ಚೀಟಿ ಬಂತು: ಶನಿವಾರಕ್ಕೆ ರೈಲು ನಿಲ್ದಾಣದ ತನಕ ಗಾಡಿ ಬೇಕು. ಹಿರೇತಾಯಿಯವರು ಚೀಟಿಯನ್ನು ಓದಿ, ಗಾಡಿ ಹೊಡೆಯುವ ದುರ್ಗಣ್ಣನಿಗೆ ಹೇಳಿಕಳಿಸಿದರು. ಬಾಗಿಲು ಬಡಿಯಲಿಲ್ಲ, ಬುದ್ಧಿ ಹೇಳಲಿಲ್ಲ. ಹೊತ್ತು ಹೊತ್ತಿಗೆ ಹೊಸ್ತಿಲಲ್ಲಿ ಮಜ್ಜಿಗೆ ಇಟ್ಟು ಹೋದರು, ಅಷ್ಟೇ.

ಆದರೆ ಊರು ಸುಮ್ಮನಿರಬೇಕಲ್ಲ. ಮಧ್ಯಾಹ್ನದ ಹೊತ್ತಿಗೆ ನಲವತ್ತು ಹುಡುಗಿಯರೂ ಎಂದಿನಂತೆ ಬಂದು ಹಲಗೆಯ ಮುಂದೆ ಕೂತರು. ಅಮ್ಮಾರಿಗೆ ಮಾತು ನಿಂತಿದೆಯೆಂಬ ಸುದ್ದಿ ಹಬ್ಬಿತು. ಅಷ್ಟು ಚೆಂದ ಮಾತಾಡುವವರಿಗೆ ಕಣ್ಣು ಬೀಳದೆ ಇರುತ್ತದೆಯೇ? ಶುಕ್ರವಾರ ಇಳಿಹೊತ್ತಿಗೆ ಹೆಂಗಸರು ಉಪ್ಪು, ಸಾಸಿವೆ, ಒಣಮೆಣಸಿನಕಾಯಿ ತಂದು, ಮುಚ್ಚಿದ ಕಿಟಕಿಯ ಎದುರು ಮೂರು ಸಲ ಇಳಿ ತೆಗೆದು, ಕೆಂಡದ ಮೇಲೆ ಸುರಿದರು. ಘಾಟು ಬರಲಿಲ್ಲವೆಂದು, ದೃಷ್ಟಿ ಬಲವಾಗಿಯೇ ತಾಕಿದೆಯೆಂದು, ಇನ್ನೂ ಎರಡು ಹಿಡಿ ಮೆಣಸಿನಕಾಯಿ ಸುರಿದರು. ಆಗ ಬಂತು ನೋಡಿ ಘಾಟು! ಹೆಂಗಸರು ಕೆಮ್ಮುತ್ತ ಓಡಿದರು, ಆಡು ಕೆಮ್ಮಿತು, ಕಿಟಕಿಯ ಸಂದಿಯಿಂದ ಹೊಗೆ ಒಳಕೋಣೆಗೂ ನುಗ್ಗಿತು. ಒಳಗಿನಿಂದ ಒಂದು, ಎರಡು, ಮೂರು, ಹತ್ತು ಸೀನು ಕೇಳಿಸಿತು.

"ಅಮ್ಮಾರು ಸೀನಿದ್ರು! ಜೀವ ಐತಿ!" ಎಂದು ಏಳು ವರ್ಷದ ಹುಲಿಗೆವ್ವ ಕುಣಿದಾಡಿದಳು.

ಭಗಿನಿಯವರು ಉಸಿರಾಡಲಾರದೆ ಅಗಳಿ ತೆಗೆದು ಹೊರಬಿದ್ದರು. ಬಾಗಿಲಲ್ಲೇ ಹಿರೇತಾಯಿಯವರು ನಿಂತಿದ್ದರು. ಮೂರು ದಿನದ ಸಿಟ್ಟು ಸೀನಿನ ಜೊತೆಯಲ್ಲೇ ಫ್ರೆಂಚಿನಲ್ಲಿ ಹೊರಗೆ ಬಂತು.

"ನಿಮಗೆ ಗೊತ್ತಿತ್ತೇ, ಮಾತೆ?"

"ಗೊತ್ತಿತ್ತು, ಮಗಳೇ."

"ಮೊದಲಿನಿಂದಲೂ?"

"ದಾಸಿ ಎಂದು ಕರೆದೆಯಲ್ಲ, ಆಗಿನಿಂದಲೂ."

"ನನ್ನನ್ನು ತಿದ್ದಲಿಲ್ಲವೇಕೆ? ಇಡೀ ಊರು ನನ್ನನ್ನು ನೋಡಿ ನಕ್ಕಿತು. ನೀವು ನಗಲು ಬಿಟ್ಟಿರಿ!"

ಹಿರೇತಾಯಿಯವರು, "ನಾನು ಈ ಊರಿಗೆ ಬಂದಾಗ ವ್ಯಾಕರಣ ತಪ್ಪದೆ ಮಾತಾಡುತ್ತಿದ್ದೆ," ಎಂದರು. "ಮೂರು ವರ್ಷ ಈ ಬಾಗಿಲಿಗೆ ಒಬ್ಬಳೂ ಬರಲಿಲ್ಲ. ನನ್ನನ್ನು ಕಂಡರೆ ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಓಡುತ್ತಿದ್ದರು. ನಿನ್ನ ಬಳಿಗೆ ನಗುತ್ತಾ ಬಂದರು. ಬಂದವರಲ್ಲಿ ಇಪ್ಪತ್ತಾರು ಜನಕ್ಕೆ ಈಗ ತಮ್ಮ ಹೆಸರು ಬರೆಯಲು ಬರುತ್ತದೆ. ನಾನು ಎಣಿಸಿದ್ದೇನೆ. ದೇವರು ತೆರೆದ ಬಾಗಿಲನ್ನು ಮುಚ್ಚಲು ನನಗೆ ಧೈರ್ಯ ಬರಲಿಲ್ಲ."

ಇಷ್ಟು ಹೇಳಿ ಆ ಪುಣ್ಯಾತ್ಮರು ಮಾಡಿದ್ದೇನು ಗೊತ್ತೇ? ಎಪ್ಪತ್ತು ಸಮೀಪಿಸಿದ ಮೊಣಕಾಲುಗಳನ್ನು ಊರಿ, ತಮಗಿಂತ ನಲವತ್ತು ವರ್ಷ ಕಿರಿಯವರ ಮುಂದೆ ನೆಲದ ಮೇಲೆ ಕೂತರು.

"ಆದರೆ ಒಂದು ತಪ್ಪು ನನ್ನದೂ ಇದೆ. ಮಧ್ಯಾಹ್ನ ನಾನು ಮಲಗಿರುತ್ತೇನೆಂದು ನೀನು ನಂಬಿದ್ದೆ. ನಿನ್ನ ಶಾಲೆ ಶುರುವಾದ ಮೇಲೆ ನಾನು ಒಂದು ದಿನವೂ ಮಲಗಿಲ್ಲ. ಗೋಡೆಯ ಈಚೆ ಕೂತು ಕೇಳುತ್ತಿದ್ದೆ. ಆಡು ಬಂದ ದಿನವಂತೂ ಮುಸುಕನ್ನು ಬಾಯಿಗೆ ತುರುಕಿಕೊಂಡು ನಕ್ಕೆ. ನನ್ನನ್ನು ಕ್ಷಮಿಸು."

ಭಗಿನಿಯವರು ಗಾಬರಿಯಾಗಿ, "ಏಳಿ ಮಾತೆ, ಏಳಿ," ಎಂದು ಎಬ್ಬಿಸಹೋದರು. ಹಿರೇತಾಯಿಯವರು ಏಳಲಿಲ್ಲ. ಹೇಗೂ ಕೆಳಗೆ ಕೂತಾಗಿತ್ತಲ್ಲ, ಭಗಿನಿಯವರ ಬೂಟಿನ ಲೇಸನ್ನು ಬಿಚ್ಚತೊಡಗಿದರು. ಬೂಟು ಕಳಚಿದರು. ಉಣ್ಣೆಯ ಕಾಲುಚೀಲವನ್ನು ಮೆಲ್ಲಗೆ ಸುಲಿದರು. ಒಳಗಿನ ಪಾದಗಳು ಬೆಂದ ಗೆಣಸಿನಂತಾಗಿದ್ದವು. ಬೆರಳ ಸಂದಿಯಲ್ಲೆಲ್ಲ ಬೊಕ್ಕೆಗಳು. ಮೂರು ತಿಂಗಳು ಅದನ್ನು ಅವರು ಯಾರಿಗೂ ಹೇಳಿರಲಿಲ್ಲ. ಹಿರೇತಾಯಿಯವರು ಬೇವಿನೆಲೆ ಹಾಕಿದ ತಣ್ಣೀರನ್ನು ತರಿಸಿ ತೊಳೆದರು, ತಮ್ಮ ಮುಸುಕಿನಿಂದ ಒರೆಸಿದರು. ಒರೆಸುತ್ತ, ತಲೆಯೆತ್ತದೆ ಹೇಳಿದರು:

"ಈ ನೆಲ ಇನ್ನೂ ನಿನ್ನ ಕಾಲನ್ನೇ ನೋಡಿಲ್ಲ, ಮಗಳೇ. ಅಷ್ಟರಲ್ಲೇ ಹೊರಟೆಯಾ?"

ಭಗಿನಿಯವರು ಗೋಡೆಗೆ ಒರಗಿ, ಚಿಕ್ಕ ಹುಡುಗಿಯ ಹಾಗೆ ಅತ್ತರು. ಮೆಣಸಿನ ಘಾಟಿಗೆ ಅಳುತ್ತಿದ್ದಾರೆಂದು ತಿಳಿದು ಇನ್ನಾಸಮ್ಮ ಮೊರದಿಂದ ಗಾಳಿ ಹಾಕಿದಳು.

ಶನಿವಾರ ನಸುಕಿನಲ್ಲಿ ಹಿರೇತಾಯಿಯವರ ಹನ್ನೊಂದು ಮಕ್ಕಳ ಸಾಲಿನಲ್ಲಿ ಹನ್ನೆರಡನೆಯವರೊಬ್ಬರು ಬಂದು ಕೂತರು. ಉಣ್ಣೆಯ ಬದಲು ಹಿರೇತಾಯಿಯವರ ಒಂದು ಹಳೆಯ ನೂಲಿನ ಅಂಗಿ ತೊಟ್ಟಿದ್ದರು. ಅದು ಮೊಣಕಾಲಿಗಿಂತ ಕೊಂಚ ಕೆಳಗೇ ಮುಗಿದಿತ್ತು. ಪಕ್ಕದಲ್ಲಿದ್ದ ಹುಲಿಗೆವ್ವ ಮರಳಿನ ಮೇಲೆ ಳ ಬರೆದು ತೋರಿಸಿದಳು. ಭಗಿನಿಯವರು ಲ ಎಂದರು.

"ಹಂಗಲ್ರಿ. ನಾಲಿಗಿ ಹಿಂದಕ್ಕ ಮಡಚ್ರಿ. ಇನ್ನಾ ಮಡಚ್ರಿ. ಬಾಯಿ ತಗೀರಿ, ನಾ ನೋಡತೀನಿ."

ರೇಖಾಗಣಿತದ ಉಪಾಧ್ಯಾಯಿನಿಯವರು ಏಳು ವರ್ಷದ ಹುಡುಗಿಯ ಮುಂದೆ ಬಾಯಿ ತೆರೆದು ತೋರಿಸಿದರು. ಇಪ್ಪತ್ತು ಸಲ ಸೋತು ಇಪ್ಪತ್ತೊಂದನೆಯ ಸಲ ಳ ಬಂದಿತೋ ಇಲ್ಲವೋ ಎಂಬಂತೆ ಬಂದಿತು. ಹುಲಿಗೆವ್ವ ಅವರ ಬೆನ್ನು ತಟ್ಟಿ ಶಹಬ್ಬಾಸ್ ಎಂದಳು.

ದುರ್ಗಣ್ಣನ ಗಾಡಿ ಬಂದದ್ದು ಬಿಸಿಲು ನೆತ್ತಿಗೇರಿದ ಮೇಲೆ. ತಡವಾಗಲು ಕಾರಣವಿತ್ತು. ದಾರಿಯುದ್ದಕ್ಕೂ ಕುಲತಿಲಕಮ್ಮನವರ ಮಾತು ಕೇಳಬಹುದೆಂದು ಅವನು ಹೆಂಡತಿಯನ್ನೂ ಇಬ್ಬರು ನಾದಿನಿಯರನ್ನೂ ಗಾಡಿಯಲ್ಲಿ ಕೂರಿಸಿಕೊಂಡು ಬಂದಿದ್ದ. ಶಾಲೆ ಮುಗಿದಿದ್ದರೂ ಹುಡುಗಿಯರು ಮನೆಗೆ ಹೋಗದೆ ಭಗಿನಿಯವರ ಸುತ್ತ ಮರದಡಿಯಲ್ಲೇ ಕೂತಿದ್ದರು. ಎತ್ತಿನ ಗೆಜ್ಜೆಯ ಸದ್ದು ಕೇಳಿ ಭಗಿನಿಯವರು ಎದ್ದರು. ತಾವು ಹೋಗುವುದಿಲ್ಲವೆಂದು ತಾವೇ ಹೇಳಬೇಕೆಂದು ನಿಶ್ಚಯಿಸಿ, ಬರಿಗಾಲಲ್ಲೇ ಮರದ ನೆರಳು ದಾಟಿ ಅಂಗಳದ ಹಾಸುಬಂಡೆಯ ಮೇಲೆ ಕಾಲಿಟ್ಟರು. ಒಂದು ಹೆಜ್ಜೆ, ಎರಡು ಹೆಜ್ಜೆ. ಗಾಡಿಯಲ್ಲಿದ್ದ ಹೆಂಗಸರು ಕಿವಿ ನಿಮಿರಿಸಿ ಕೂತರು.

ಮೂರನೆಯ ಹೆಜ್ಜೆಗೆ ಬಂಡೆ ತನ್ನ ಕೆಲಸ ಮಾಡಿತು.

"ಯವ್ವಾ! ಸುಡತೈತಿ! ಸತ್ತೆನಲ್ಲಪ್ಪೋ!"

ಭಗಿನಿಯವರು ಒಂದೇ ಕಾಲಲ್ಲಿ ಕುಪ್ಪಳಿಸುತ್ತ ನೆರಳಿಗೆ ಓಡಿದರು. ಆ ಮಾತು ಯಾವ ಪುಸ್ತಕದ್ದೂ ಅಲ್ಲ, ಯಾರೂ ಕಲಿಸಿದ್ದಲ್ಲ. ಮೂರು ತಿಂಗಳು ಬಾವಿಯ ಕಟ್ಟೆಯಿಂದ, ಅಡುಗೆಮನೆಯಿಂದ, ಮಕ್ಕಳ ಜಗಳದಿಂದ ಕಿವಿಯೊಳಗೆ ಇಳಿದು ಕೂತಿದ್ದದ್ದು ಬಂಡೆ ಮುಟ್ಟಿದ ಕೂಡಲೇ ತಾನಾಗಿ ಹೊರಬಿತ್ತು.

ಹುಲಿಗೆವ್ವ ಚೀರಿದಳು, "ಅಮ್ಮಾರಿಗೆ ಮಾತು ಬಂತು! ಅಮ್ಮಾರಿಗೆ ಮಾತು ಬಂತು!"

ಹುಡುಗಿಯರೆಲ್ಲ ಕುಣಿದರು. ಭಗಿನಿಯವರು ಪಾದ ಹಿಡಿದುಕೊಂಡು ನೆಲಕ್ಕೆ ಕೂತು, ಆ ಊರಿಗೆ ಬಂದ ಮೇಲೆ ಮೊದಲ ಬಾರಿಗೆ ಗಟ್ಟಿಯಾಗಿ ನಕ್ಕರು. ಬಾಗಿಲಲ್ಲಿ ನಿಂತಿದ್ದ ಹಿರೇತಾಯಿಯವರು ಶಿಲುಬೆಯ ಗುರುತು ಮಾಡಿಕೊಂಡು, "ದೇವರಿಗೆ ಸ್ತೋತ್ರ," ಎಂದರು. ದುರ್ಗಣ್ಣನ ಹೆಂಡತಿಗೆ ಮಾತ್ರ ಬಹಳ ಬೇಸರವಾಯಿತು. "ಇವ್ರೂ ನಮ್ಮಂಗ ಆಗಿಬಿಟ್ರಲ್ಲ, ಇನ್ನ ಏನು ಕೇಳೂದು," ಎಂದು ಗಂಡನನ್ನು ಬೈದು ಗಾಡಿ ತಿರುಗಿಸಿದಳು.

ಮಂಡಕ್ಕಿ ತರುತ್ತಿದ್ದ ಹೆಂಗಸರಲ್ಲಿ ಕೆಲವರು ಆಮೇಲೆ ಬರುವುದನ್ನು ನಿಲ್ಲಿಸಿದರು. ಹುಡುಗಿಯರು ನಿಲ್ಲಿಸಲಿಲ್ಲ. ಶಾಲೆ ನಸುಕಿನ ಹೊತ್ತಿಗೇ ನಡೆಯಿತು, ಕ್ಲೊತಿಲ್ದಾನವರು ಮುಂದೆ ಮೂವತ್ತೇಳು ವರ್ಷ ಆ ಊರಲ್ಲೇ ಬಾಳಿ ಅಲ್ಲೇ ಮಣ್ಣಾದರು.

ಭರಮಪ್ಪನಿಗೆ ಕೌರವನ ಪಾತ್ರಕ್ಕೆ ಬೇರೆ ಯಾರೋ ಸಿಕ್ಕರು. ಹುಣ್ಣಿಮೆ ಕಳೆದ ವಾರ ಅವನು ತನ್ನ ಇಬ್ಬರು ಹೆಣ್ಣುಮಕ್ಕಳ ಕೈಹಿಡಿದುಕೊಂಡು ಬೆಳಕು ಹರಿಯುವ ಮೊದಲೇ ಅಂಗಳಕ್ಕೆ ಬಂದ. ಮಕ್ಕಳು ಪರದೇಶದ ಮುಖ ಕಂಡು ಅಪ್ಪನ ಹಿಂದೆ ಅಡಗಿದರು. ಮಕ್ಕಳ ಸಾಲಿನಲ್ಲಿ ಕೂತು ಮರಳಿನ ಮೇಲೆ ಅಕ್ಷರ ತೀಡುತ್ತಿದ್ದ ಕ್ಲೊತಿಲ್ದಾನವರು ಅತ್ತಿತ್ತ ಸರಿದು ತಮ್ಮ ಎರಡೂ ಪಕ್ಕದಲ್ಲಿ ಜಾಗ ಮಾಡಿದರು.

"ಬರ್ರೆವ್ವಾ, ಕುಂದರ್ರಿ," ಎಂದರು. "ಹೆದರಬ್ಯಾಡ್ರಿ. ನಾನೂ ಹೊಸಾಕಿನ ಅದೀನಿ."